ಫತ್ತಾನ್ ಯಾರು?

ಜನರ ನಡುವೆ ಕ್ಷೋಭೆ ಹುಟ್ಟಿಸುವವನನ್ನು ಅರಬಿಯಲ್ಲಿ ‘ಫತ್ತಾನ್’ ಎನ್ನುತ್ತಾರೆ. ‘ಫಿತ್ನ’ ಎಂಬ ಪದವೂ ಇದೇ ಧಾತುವಿನದು. ಚಿನ್ನವನ್ನು ಬೆಂಕಿಯಲ್ಲಿ ಕರಗಿಸಿ, ಅಪ್ಪಟವೋ ಕಲಬೆರಕೆಯೋ ಎಂದು ನೋಡುವುದು ಅದರ ಮೂಲಾರ್ಥ. ಆದ್ದರಿಂದ ಪರೀಕ್ಷೆಗೂ ಫಿತ್ನ ಎಂಬ ಹೆಸರಾಯಿತು. ಸಂಪತ್ತು, ಸಂತಾನಗಳನ್ನು ಪವಿತ್ರ ಕುರ್‌ಆನ್ (8:28) ಫಿತ್ನ ಎಂದಿರುವುದು ಈ ಅರ್ಥದಲ್ಲಿ. ಜನರನ್ನು ಧರ್ಮದಿಂದ ವಿಮುಖಗೊಳಿಸುವ ಹಿಂಸೆಗೂ ಸಮಾಜವನ್ನು ಒಡೆಯುವ ಕಲಹಕ್ಕೂ ಅದೇ ಪದ ಬಳಕೆಯಾಯಿತು.

ಫತ್ತಾನ್ ಎಂದೊಡನೆ ನಮಗೆ ಚಾಡಿಕೋರನೋ ಜಗಳಗಂಟನೋ ನೆನಪಾಗುತ್ತಾನೆ. ಆದರೆ ಪ್ರವಾದಿವರ್ಯರು(ಸ) ಈ ಪದದಿಂದ ಎಚ್ಚರಿಸಿದ್ದು ತಮ್ಮ ಪ್ರೀತಿಯ ಸಹಾಬಿ ಮುಆದ್ ಬಿನ್ ಜಬಲ್‌ರನ್ನು(ರ). ಅವರು ಒಮ್ಮೆ ಇಶಾ ನಮಾಝಿನಲ್ಲಿ ಸುದೀರ್ಘವಾದ ಅಲ್‌ಬಕರ ಅಧ್ಯಾಯವನ್ನು ಓದತೊಡಗಿದರು. ಹಗಲೆಲ್ಲ ಒಂಟೆಗಳಿಂದ ನೀರೆತ್ತಿ ದಣಿದಿದ್ದ ಒಬ್ಬರು ಜಮಾಅತಿನಿಂದ ಸರಿದು ಒಬ್ಬರೇ ನಮಾಝ್ ಮುಗಿಸಿ ಹೋದರು. ಮುಆದ್(ರ) ಅವರನ್ನು ಕಪಟಿಯೆಂದರು. ದೂರು ಬಂದಾಗ ಪ್ರವಾದಿವರ್ಯರು(ಸ), ನೀನು ಫತ್ತಾನನೋ ಎಂದು ಮುಆದ್‌ರನ್ನು ಮೂರು ಬಾರಿ ಕೇಳಿದರು. ಹಿಂದೆ ವೃದ್ಧರು, ದುರ್ಬಲರು, ಕೆಲಸವುಳ್ಳವರು ನಿಂತಿರುತ್ತಾರೆ, ಚಿಕ್ಕ ಅಧ್ಯಾಯಗಳನ್ನು ಓದಬೇಕು ಎಂದು ತಿಳಿಸಿದರು. (ಬುಖಾರಿ, ಮುಸ್ಲಿಮ್)

ಕುರ್‌ಆನ್ ಪಾರಾಯಣದಂತಹ ಸತ್ಕರ್ಮವೂ ಜನರನ್ನು ಮಸೀದಿಯಿಂದ ದೂರ ಮಾಡಿದರೆ ಫಿತ್ನವಾಗಬಹುದು. ಹಾಗಿರುವಾಗ ನಮ್ಮ ಹರಿತ ನಾಲಗೆಯ ಗತಿಯೇನು? ಸಣ್ಣ ಭಿನ್ನಾಭಿಪ್ರಾಯಕ್ಕಾಗಿ ಸಹೋದರನನ್ನು ಕಪಟಿಯೆನ್ನುವ ಮೊದಲು, ಫತ್ತಾನ್ ನಾನೇ ಆಗುತ್ತಿದ್ದೇನೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಲಿ.