ಟೈಲ್ಸ್‌ಗಿಂತ ಮೊದಲು ನೆಲ ನೋಡಿ

"ಉಬ್ಬುತಗ್ಗು ಇದ್ರೇನು, ಗಾರೆಯಲ್ಲೇ ಸರಿ ಮಾಡ್ತೀನಿ" ಎಂದು ಮೇಸ್ತ್ರಿ ಹೇಳಿದರೆ ಸುಮ್ಮನೆ ತಲೆಯಾಡಿಸಬೇಡಿ. ದೊಡ್ಡ ವಿಟ್ರಿಫೈಡ್ ಟೈಲ್ಸ್ ಅಡಿಯಲ್ಲಿ ಪೊಳ್ಳು ಉಳಿದರೆ, ಮಂಚದ ಕಾಲು ಊರಿದ ಕಡೆಯೇ ಬಿರುಕು ಬಿಟ್ಟೀತು. 2 ಮೀಟರಿನ ನೇರಪಟ್ಟಿಯನ್ನು ನೆಲದ ಮೇಲಿಡಿ. ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ನೀರಲ್ಲಿ ಕಲಸಿ ಸುರಿಯುವ ಲೆವೆಲಿಂಗ್ ಕಾಂಪೌಂಡ್ ಹಾಕಿಸುವುದು ಒಳ್ಳೆಯದು.

ಹಳೆಯ ರೆಡ್ ಆಕ್ಸೈಡ್ ನೆಲವೇ? ವರ್ಷಗಟ್ಟಲೆ ತಿಕ್ಕಿದ ಆ ನುಣುಪು, ಮೇಣ ಹೋಗುವಂತೆ ಉಜ್ಜದಿದ್ದರೆ ಮೇಲೆ ಏನು ಸುರಿದರೂ ಹಿಡಿಯದು. ಧೂಳು ಪೂರ್ತಿ ತೆಗೆದು ಪ್ರೈಮರ್ ಬಳಿಸಿ. ಕಾಂಪೌಂಡ್‌ಗೆ ನೀರು, ಅದರ ಚೀಲದ ಮೇಲೆ ಬರೆದಷ್ಟೇ. ಚೆನ್ನಾಗಿ ಹರಿಯಲೆಂದು ಇನ್ನೊಂದು ಚೊಂಬು ಸುರಿಯುವ ಧಾರಾಳತನ ನಮ್ಮಲ್ಲಿ ಬಹಳ. ಹಾಗೆ ಮಾಡಿದರೆ ಒಣಗಿದ ಮೇಲೆ ಮೇಲ್ಪದರ ಪುಡಿಪುಡಿ! ಹಾಂ, ಬಚ್ಚಲಿಗೆ ಇದನ್ನು ಸುರಿಸಿ ಮಟ್ಟ ಮಾಡಬೇಡಿ, ಅಲ್ಲಿ ನೀರು ಹರಿಯಲು ಇಳಿಜಾರು ಬೇಕು.