ಆಕಾಶಗಂಗೆಯ ನಡುವಿನ ಕತ್ತಲೆ

ಬೇಸಿಗೆಯ ಕೊನೆಯಲ್ಲಿ, ನಡುರಾತ್ರಿಯ ಹೊತ್ತಿಗೆ, ಯಲಬುರ್ಗಾದ ಎರೆಹೊಲಗಳ ಬಯಲಿನಲ್ಲಿ ನಿಂತು ದಕ್ಷಿಣದತ್ತ ನೋಡಿದರೆ ವೃಶ್ಚಿಕ, ಧನು ರಾಶಿಗಳ ಬಳಿ ಹಾಲು ಚೆಲ್ಲಿದಂತಹ ಬೆಳಕಿನ ಪಟ್ಟೆಯೊಂದು ಕಾಣುತ್ತದೆ. ಅದೇ ಆಕಾಶಗಂಗೆ, ನಮ್ಮ ಸೂರ್ಯನೂ ಸೇರಿರುವ ಗೆಲಾಕ್ಸಿ. ಅದರ ಕೇಂದ್ರವು ಧನು ರಾಶಿಯ ದಿಕ್ಕಿನಲ್ಲಿ ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇಂದು ನಮ್ಮನ್ನು ತಲಪುವ ಕಿರಣವು ಅಲ್ಲಿಂದ ಹೊರಟಾಗ, ಯಲಬುರ್ಗಾವನ್ನಾಳಿದ ಸಿಂದರ ಮಾತಿರಲಿ, ಮನುಷ್ಯನಿಗೆ ಬೇಸಾಯವೇ ತಿಳಿದಿರಲಿಲ್ಲ.

ಆ ಕೇಂದ್ರವನ್ನು ಧೂಳಿನ ಮೋಡಗಳು ಮರೆಮಾಡಿವೆ. ಅವಕೆಂಪು ಕಿರಣಗಳೂ ರೇಡಿಯೋ ಅಲೆಗಳೂ ಧೂಳನ್ನು ದಾಟಿ ಬರುತ್ತವೆ. ಅವುಗಳ ನೆರವಿನಿಂದ ನೋಡಿದಾಗ ವಿಚಿತ್ರವೊಂದು ಕಂಡುಬಂದಿತು. ಮೇಟಿಯನ್ನು ಸುತ್ತುವ ಕಣದ ಎತ್ತುಗಳಂತೆ ನಕ್ಷತ್ರಗಳು ಒಂದು ಬಿಂದುವನ್ನು ಸುತ್ತುತ್ತಿದ್ದುವು. ಆದರೆ ಮೇಟಿ ಮಾತ್ರ ಕಾಣದು! ಒಂದು ನಕ್ಷತ್ರವಂತೂ ಕೇವಲ 16 ವರ್ಷಗಳಲ್ಲಿ ಒಂದು ಸುತ್ತನ್ನು ಮುಗಿಸುತ್ತದೆ. ಇದರಿಂದ ಲೆಕ್ಕಹಾಕಿದಾಗ ಆ ಬಿಂದುವಿನಲ್ಲಿ ಸುಮಾರು 40 ಲಕ್ಷ ಸೂರ್ಯರಷ್ಟು ದ್ರವ್ಯ ಅಡಗಿದೆಯೆಂದು ತಿಳಿಯಿತು. ಈ ಶೋಧಕ್ಕಾಗಿ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಎಂಬ ವಿಜ್ಞಾನಿಗಳು 2020ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಬೆಳಕೂ ಹೊರಬರಲಾರದಷ್ಟು ಪ್ರಬಲವಾದ ಗುರುತ್ವವುಳ್ಳ ಇಂತಹ ಕಾಯವೇ ಕಪ್ಪುಕುಳಿ. ಹೆಸರು ಅಷ್ಟೇನೂ ಒಪ್ಪುವುದಲ್ಲ. ಅದು ಬರಿದಾದ ತಗ್ಗಲ್ಲ. ಕಪ್ಪುಕುಳಿಯ ಇರವನ್ನೇ ಅನೇಕರು ನಂಬದಿದ್ದ 1970ರಲ್ಲಿ, ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರ ಅವರು ಗಣಿತದಿಂದ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಕಲಕಿದ ಕಪ್ಪುಕುಳಿಯು ಹೊಡೆದ ಗಂಟೆಯಂತೆ ಮಿಡಿದು, ಬೇಗನೆ ಶಾಂತವಾಗುತ್ತದೆ. 45 ವರ್ಷಗಳು ಕಳೆದುವು. 2015ರ ಸೆಪ್ಟೆಂಬರ್ 14ರಂದು, ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದ ಗುರುತ್ವದ ಅಲೆಯು ಮೊದಲ ಬಾರಿಗೆ ಉಪಕರಣಗಳಿಗೆ ಸಿಕ್ಕಿತು. ಅದರ ಕೊನೆಯಲ್ಲಿ ಅದೇ ಮಿಡಿತವಿತ್ತು. ವಿಶ್ವೇಶ್ವರ ಅವರು ಅದನ್ನು ಕಂಡು, 2017ರಲ್ಲಿ ತೀರಿಕೊಂಡರು.

ದೊಡ್ಡ ಗೆಲಾಕ್ಸಿಗಳಲ್ಲಿ ಬಹುಮಟ್ಟಿಗೆ ಎಲ್ಲದರ ನಡುವೆಯೂ ಇಂತಹ ಬೃಹತ್ ಕಪ್ಪುಕುಳಿಯಿದೆ. ಗೆಲಾಕ್ಸಿಯ ಉಬ್ಬಿದ ನಡುಭಾಗ ದೊಡ್ಡದಾದಷ್ಟೂ ಕುಳಿಯೂ ದೊಡ್ಡದು. ಹಾಗಾದರೆ ಮೊದಲು ಹುಟ್ಟಿದ್ದು ಯಾವುದು? ಎರಡೂ ಜೊತೆಯಾಗಿ ಬೆಳೆದುವೆಂದು ಬಹುಕಾಲ ಭಾವಿಸಲಾಗಿತ್ತು. 2021ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕವು ವಿಶ್ವದ ಎಳವೆಯಲ್ಲಿಯೇ, ತಮ್ಮ ಗೆಲಾಕ್ಸಿಗೆ ಮೀರಿ ಬೆಳೆದ ಕುಳಿಗಳನ್ನು ತೋರಿಸಿ ಈ ಭಾವನೆಯನ್ನು ಅಲುಗಾಡಿಸಿದೆ.

ಗೆಲಾಕ್ಸಿಗಳು ಕೂಡಿದಾಗ ಅವುಗಳ ಕುಳಿಗಳೂ ಜೋಡಿಯಾಗಿ ಸುತ್ತತೊಡಗುತ್ತವೆ. ಅಂತಹ ಜೋಡಿಗಳಿಂದ ಬರುವವೆಂದು ಊಹಿಸಲಾದ ಅಲೆಗಳ ಸುಳಿವು 2023ರಲ್ಲಿ ದೊರೆಯಿತು. ಅದನ್ನು ಹಿಡಿಯುವ ಕಾರ್ಯದಲ್ಲಿ ಪುಣೆಯ ಸಮೀಪದ ಬೃಹತ್ ರೇಡಿಯೋ ದೂರದರ್ಶಕವೂ ಪಾಲ್ಗೊಂಡಿತ್ತು. ಅವುಗಳಲ್ಲಿ ಒಂದೊಂದು ಅಲೆ ಭೂಮಿಯನ್ನು ದಾಟಿಹೋಗಲು ಹಲವು ವರ್ಷಗಳೇ ಬೇಕು.