ಬೋರ್ಡಿಗೆ ಕಾಲು ಕಟ್ಟುವ ಮೊದಲು: ಸ್ನೋಬೋರ್ಡ್ ಬೈಂಡಿಂಗ್ ಕೋನಗಳ ಮೊದಲ ಪಾಠ

ಕಳೆದ ಫೆಬ್ರವರಿಯಲ್ಲಿ ನಾವು ಐದು ಜನ ಗುಲ್ಮಾರ್ಗ್‌ಗೆ ಹೋಗಿದ್ದೆವು. ಸುಮಾರು 2,650 ಮೀಟರ್ ಎತ್ತರ, ಕಣ್ಣು ಹಾಯಿಸಿದಷ್ಟೂ ಹಿಮ. ನಮ್ಮಲ್ಲಿ ಯಾರೂ ಅದುವರೆಗೆ ಫ್ರಿಡ್ಜ್ ಒಳಗೆ ಬಿಟ್ಟು ಬೇರೆಲ್ಲೂ ಹಿಮ ಮುಟ್ಟಿದವರಲ್ಲ. ಬಾಡಿಗೆ ಅಂಗಡಿಯಲ್ಲಿ ಬೂಟಿನ ಸೈಜ್ ಕೇಳಿದರು, ಬೋರ್ಡ್ ಕೊಟ್ಟರು, ದುಡ್ಡು ತಗೊಂಡರು. ಯಾವ ಕಾಲು ಮುಂದೆ ಇಡ್ತೀರಿ ಅಂತ ಅವರೂ ಕೇಳಲಿಲ್ಲ, ಹಾಗೊಂದು ಪ್ರಶ್ನೆ ಇದೆ ಅಂತ ನಮಗೂ ಗೊತ್ತಿರಲಿಲ್ಲ.

ಮೊದಲ ದಿನ ಎಲ್ಲರೂ ಬಿದ್ದೆವು, ಅದೇನೂ ದೊಡ್ಡ ವಿಷಯ ಅಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ನಾಲ್ವರು ಸ್ವಲ್ಪ ಸ್ವಲ್ಪ ಜಾರುವುದಕ್ಕೆ ಶುರುಮಾಡಿದರೆ, ನಮ್ಮ ಗೆಳತಿಯೊಬ್ಬಳಿಗೆ ಮಾತ್ರ ಹತ್ತು ಮೀಟರ್ ಕೂಡ ಹೋಗಲಾಗಲಿಲ್ಲ. ಸಂಜೆ ಬಲ ಮಂಡಿ ಹಿಡಿದುಕೊಂಡು ಕೂತು, "ನಂಗೆ ಇದು ಆಗಿಬರಲ್ಲ ಕಣ್ರೋ. ನಾಳೆ ನೀವು ಹೋಗಿ, ನಾನು ಫೋಟೊ ತೆಗೀತೀನಿ" ಅಂದಳು. ನಾವು ನಾಲ್ವರೂ ಅದನ್ನು ನಂಬಿದೆವು. ಆಗ ಬೋರ್ಡನ್ನು ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ.

ಆ ರಾತ್ರಿ ನೋಡಿದೆವು. ಎಡಗಾಲಿನ ಬೈಂಡಿಂಗ್ ಪ್ಲಸ್ 21 ಡಿಗ್ರಿ, ಬಲಗಾಲಿನದು ಪ್ಲಸ್ 6. ಅಂದರೆ ಎಡಗಾಲು ಮುಂದಿಟ್ಟು ಜಾರುವ, ಅಭ್ಯಾಸ ಇರುವ ಇನ್ಯಾರಿಗೋ ಹೊಂದಿಸಿದ ಬೋರ್ಡ್ ಅದು. ಇವಳನ್ನು ಕಾರಿಡಾರಿನಲ್ಲಿ ಸಾಕ್ಸ್ ಹಾಕಿಸಿ ಓಡಿ ಜಾರು ಅಂದರೆ, ಮೂರಕ್ಕೆ ಮೂರು ಸಲವೂ ಬಲಗಾಲೇ ಮುಂದೆ ಬಂತು!

ಈ ಪಾಠ ಬರೆಯುವುದಕ್ಕೆ ಕಾರಣ ಅದೇ. ಹೊಸಬರು "ನನ್ನ ಕೈಲಾಗಲ್ಲ" ಅಂದುಕೊಳ್ಳುವುದರಲ್ಲಿ ಒಂದು ಪಾಲು ನಿಜಕ್ಕೂ ನಾಲ್ಕು ಸ್ಕ್ರೂಗಳ ತಪ್ಪಾಗಿರಬಹುದು. ಲ್ಯಾಬ್‌ನಲ್ಲಿ ರೀಡಿಂಗ್ ತಪ್ಪು ಬಂದರೆ ಮೊದಲು ಉಪಕರಣದ ಝೀರೋ ಎರರ್ ನೋಡುತ್ತೇವೆ. ಇಲ್ಲೂ ಅಷ್ಟೇ.

ಸ್ವಲ್ಪ ಹಿನ್ನೆಲೆ

1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶೆರ್ಮನ್ ಪಾಪನ್ ಎಂಬ ಇಂಜಿನಿಯರ್ ತನ್ನ ಮಕ್ಕಳಿಗೋಸ್ಕರ ಎರಡು ಸ್ಕೀಗಳನ್ನು ಜೋಡಿಸಿ ಒಂದು ಆಟಿಕೆ ಮಾಡಿದ. ಅದಕ್ಕೆ 'ಸ್ನರ್ಫರ್' ಅಂತ ಹೆಸರು ಬಂತು. ಅದರಲ್ಲಿ ಬೈಂಡಿಂಗ್ ಇರಲಿಲ್ಲ. ಹಲಗೆ ಮೇಲೆ ಸುಮ್ಮನೆ ನಿಂತು, ಮೂತಿಗೆ ಕಟ್ಟಿದ ಹಗ್ಗ ಹಿಡಿದುಕೊಂಡು ಜಾರಬೇಕಿತ್ತು. ಮುಂದೆ ಜೇಕ್ ಬರ್ಟನ್ ಕಾರ್ಪೆಂಟರ್, ಟಾಮ್ ಸಿಮ್ಸ್‌ರಂಥವರು 1970ರ ದಶಕದಲ್ಲಿ ಬೋರ್ಡ್ ತಯಾರಿಗೆ ಇಳಿದ ಮೇಲೆ ಕಾಲನ್ನು ಬೋರ್ಡಿಗೆ ಬಿಗಿಯುವ ಪದ್ಧತಿ ಬೆಳೆಯಿತು. 1998ರ ನಾಗಾನೊ ಒಲಿಂಪಿಕ್ಸ್ ಹೊತ್ತಿಗೆ ಸ್ನೋಬೋರ್ಡಿಂಗ್ ಪದಕದ ಆಟವೇ ಆಯಿತು.

ಕಾಲು ಬಿಡಿಯಾಗಿದ್ದಾಗ ಅದು ತನಗೆ ಬೇಕಾದ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಬಸ್ಸಿನಲ್ಲಿ ನಿಂತಾಗ ನಾವು ಯೋಚನೆ ಮಾಡಿ ಕಾಲು ಅಗಲಿಸಲ್ಲ ಅಲ್ವಾ? ಬೈಂಡಿಂಗ್ ಕಟ್ಟಿದ ಮೇಲೆ ಆ ಸ್ವಾತಂತ್ರ್ಯ ಇಲ್ಲ. ಕಾಲು ಮಾಡಬೇಕಾದ ತೀರ್ಮಾನವನ್ನು ನಾವು ಮೊದಲೇ ಸ್ಕ್ರೂಡ್ರೈವರಿನಲ್ಲಿ ಮಾಡಿಟ್ಟಿರಬೇಕು.

ಯಾವ ಕಾಲು ಮುಂದೆ?

ಎಡಗಾಲು ಮುಂದಿದ್ದರೆ 'ರೆಗ್ಯುಲರ್', ಬಲಗಾಲು ಮುಂದಿದ್ದರೆ 'ಗೂಫಿ'. ಹೆಸರು ಕೇಳಿ ಎರಡನೆಯದು ತಪ್ಪು ಅಂದುಕೊಳ್ಳಬೇಡಿ, ಎರಡೂ ಸರಿ. ಬಲಗೈಯಲ್ಲಿ ಬರೆಯುವವರು ರೆಗ್ಯುಲರ್ರೇ ಆಗಬೇಕು ಅಂತಲೂ ಇಲ್ಲ.

ಪರೀಕ್ಷೆ ಹಾಸ್ಟೆಲ್‌ನಲ್ಲೇ ಮಾಡಬಹುದು. ನುಣುಪು ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ ಜಾರಿ. ಯಾವ ಕಾಲು ತಾನಾಗಿ ಮುಂದೆ ಬರುತ್ತೆ ನೋಡಿ. ಮೂರ್ನಾಲ್ಕು ಸಲ ಮಾಡಿ. ಸ್ಕೇಟ್‌ಬೋರ್ಡ್ ಆಡಿದವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಫಲಿತಾಂಶ ಒಮ್ಮೆ ಹಾಗೆ, ಒಮ್ಮೆ ಹೀಗೆ ಬಂದರೆ ಒಂದನ್ನು ಆರಿಸಿಕೊಂಡು ಅರ್ಧ ದಿನ ನೋಡಿ, ಆಗದಿದ್ದರೆ ಬದಲಿಸಿ.

ಕಾಲುಗಳ ನಡುವೆ ಎಷ್ಟು ಅಂತರ?

ಒಂದು ಬೈಂಡಿಂಗ್‌ನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ದೂರವೇ ನಿಲುವಿನ ಅಗಲ. ಹೊಸಬರಿಗೆ ಭುಜದಷ್ಟು ಅಥವಾ ಅದಕ್ಕಿಂತ ಕೊಂಚ ಹೆಚ್ಚು ಸಾಕು. 170 ಸೆಂ.ಮೀ. ಎತ್ತರದವರಿಗೆ ಇದು ಹೆಚ್ಚುಕಮ್ಮಿ 50ರಿಂದ 54 ಸೆಂ.ಮೀ. ಆಗುತ್ತದೆ. ಇನ್ನೊಂದು ಸುಲಭ ಉಪಾಯ: ಇದ್ದ ಜಾಗದಲ್ಲೇ ಮೇಲೆ ಹಾರಿ, ಬೀಳದಂತೆ ಮಂಡಿ ಬಗ್ಗಿಸಿ ಇಳಿಯಿರಿ. ಹಿಮ್ಮಡಿಗಳು ಎಲ್ಲಿ ಊರಿದವೋ ಅಲ್ಲೇ ಗುರುತು ಮಾಡಿ ಅಳೆಯಿರಿ.

ಅಗಲ ಜಾಸ್ತಿಯಾದಷ್ಟೂ ಮುಂದೆ ಹಿಂದೆ ವಾಲದಂತೆ ಆಧಾರ ಸಿಗುತ್ತದೆ, ನಿಜ. ಆದರೆ ಅತಿಯಾದರೆ ಮಂಡಿ ಬಗ್ಗಿಸಲಾಗದೆ ಕಾಲು ಕಂಬದ ಥರ ಬಿಗಿಯಾಗುತ್ತದೆ, ಬೋರ್ಡ್ ತಿರುಗಿಸುವುದು ಕಷ್ಟ. ತೀರಾ ಕಿರಿದಾದರೆ ತಿರುಗುವುದು ಸುಲಭ, ಆದರೆ ಸಣ್ಣ ಉಬ್ಬು ಸಿಕ್ಕರೂ ಸಮತೋಲ ತಪ್ಪುತ್ತದೆ. ಸಾಮಾನ್ಯ ಬೋರ್ಡಿನಲ್ಲಿ ಸ್ಕ್ರೂ ತೂತುಗಳು ಸಾಲಾಗಿರುತ್ತವೆ, ಬಹಳಷ್ಟರಲ್ಲಿ 2 ಸೆಂ.ಮೀ.ಗೆ ಒಂದರಂತೆ. ತಯಾರಕರು 'ಇದು ಸಾಮಾನ್ಯ ನಿಲುವು' ಅಂತ ಗುರುತು ಹಾಕಿರುವ ತೂತುಗಳಿದ್ದರೆ ಅಲ್ಲಿಂದಲೇ ಶುರುಮಾಡಿ. ಆಳದ ಪುಡಿಹಿಮದಲ್ಲಿ ಎರಡೂ ಕಾಲನ್ನು ಸ್ವಲ್ಪ ಹಿಂದಕ್ಕೆ ಸರಿಸುವವರಿದ್ದಾರೆ, ಮೂತಿ ಹೂತುಹೋಗದಿರಲಿ ಅಂತ. ಕಲಿಯುವ ಇಳಿಜಾರಿನಲ್ಲಿ ಅದು ಬೇಡ.

ಕೋನ: ಸೊನ್ನೆ ಎಲ್ಲಿದೆ?

ಮೊದಲು ಅಕ್ಷ ಸರಿಮಾಡಿಕೊಳ್ಳೋಣ. ಬೋರ್ಡಿನ ಉದ್ದಕ್ಕೆ ಲಂಬವಾಗಿ, ಅಂದರೆ ಅಡ್ಡಡ್ಡಲಾಗಿ ಕಾಲಿಟ್ಟರೆ ಅದು 0 ಡಿಗ್ರಿ. ಬೆರಳು ಬೋರ್ಡಿನ ಮೂತಿಯ ಕಡೆ ತಿರುಗಿದರೆ ಪ್ಲಸ್, ಬಾಲದ ಕಡೆ ತಿರುಗಿದರೆ ಮೈನಸ್. ಬೈಂಡಿಂಗ್ ನಡುವೆ ಒಂದು ದುಂಡನೆ ಡಿಸ್ಕ್ ಇರುತ್ತದೆ, ಅದರ ಹಲ್ಲುಗಳು ಸಾಮಾನ್ಯವಾಗಿ 3 ಡಿಗ್ರಿಗೆ ಒಂದು. ಹಾಗಾಗಿಯೇ 6, 9, 12, 15 ಅಂತ ಮೂರರ ಮಗ್ಗಿ ಕೇಳಿಬರುವುದು.

ಮುಂದಿನ ಕಾಲು ಪ್ಲಸ್, ಹಿಂದಿನದು ಮೈನಸ್ ಇದ್ದರೆ ಅದಕ್ಕೆ 'ಡಕ್' ನಿಲುವು ಅನ್ನುತ್ತಾರೆ, ಬಾತುಕೋಳಿ ಪಾದದ ಹಾಗೆ. ಎರಡೂ ಪ್ಲಸ್ ಇದ್ದರೆ ಮುನ್ಮುಖ ನಿಲುವು. ಗಟ್ಟಿ ಬೂಟು ಹಾಕಿ ವೇಗವಾಗಿ ಕೊರೆಯುತ್ತಾ ಹೋಗುವ ಆಲ್ಪೈನ್ ಸವಾರರು 50 ಡಿಗ್ರಿ ದಾಟಿದ ಕೋನಗಳನ್ನೂ ಇಡುತ್ತಾರೆ. ಅದು ಬೇರೆಯದೇ ಲೋಕ.

ಹೊಸಬರಿಗೆ ಮುಂದೆ ಪ್ಲಸ್ 15, ಹಿಂದೆ ಮೈನಸ್ 6 ಅಥವಾ ಮೈನಸ್ 9 ಒಳ್ಳೆಯ ಆರಂಭ. ಯಾಕೆ?

ಮುಂದಿನ ಕಾಲು ಪ್ಲಸ್ ಯಾಕೆಂದರೆ, ನಾವು ನೋಡಬೇಕಾದ್ದು ಹೋಗುವ ದಿಕ್ಕಿಗೆ. ಜೊತೆಗೆ, ಸಮತಟ್ಟು ಜಾಗದಲ್ಲಿ ಮುಂದಿನ ಕಾಲು ಮಾತ್ರ ಕಟ್ಟಿಕೊಂಡು, ಹಿಂದಿನ ಕಾಲಿನಿಂದ ತಳ್ಳಿಕೊಂಡು ಹೋಗಬೇಕಾಗುತ್ತದೆ. ಆಗ ಮುಂದಿನ ಪಾದ 0 ಡಿಗ್ರಿಯಲ್ಲಿದ್ದರೆ ಮಂಡಿ ತಿರುಚಿಕೊಳ್ಳುತ್ತದೆ. ಹಿಂದಿನದು ಸ್ವಲ್ಪ ಮೈನಸ್ ಯಾಕೆಂದರೆ, ಮೊದಲ ದಿನದ ಅಭ್ಯಾಸವೇ ಉದುರುವ ಎಲೆಯ ಹಾಗೆ ಒಂದೇ ಅಂಚಿನ ಮೇಲೆ ಎಡಕ್ಕೂ ಬಲಕ್ಕೂ ತೇಲುವುದು. ಎರಡೂ ಕಡೆ ಹೋಗಬೇಕಾದವರಿಗೆ ಹೆಚ್ಚುಕಮ್ಮಿ ಸಮವಾದ ನಿಲುವು ಅನುಕೂಲ.

ಆದರೆ ಈ ಸಂಖ್ಯೆ ಆರಂಭಕ್ಕಷ್ಟೇ, ಕೊನೆಯ ಉತ್ತರ ನಿಮ್ಮ ಮಂಡಿಯದು. ಮಂಡಿ ಮುಖ್ಯವಾಗಿ ಬಾಗಿಲಿನ ತಿರುಗಣಿ ಇದ್ದ ಹಾಗೆ, ಒಂದೇ ಸಮತಲದಲ್ಲಿ ಮಡಚುತ್ತದೆ. ಪಾದ ಒಂದು ಕಡೆ, ಮಂಡಿ ಇನ್ನೊಂದು ಕಡೆ ಮುಖ ಮಾಡಿದರೆ ತಿರುಚುವ ಬಲ ನೇರ ಮಂಡಿಯ ಕೀಲಿಗೇ ಬೀಳುತ್ತದೆ. ಹಾಗಾಗಿ ನಿಯಮ ಇಷ್ಟೇ: ಬಗ್ಗಿದಾಗ ಮಂಡಿ ಬೆರಳುಗಳ ನೇರಕ್ಕೇ ಬರಬೇಕು.

ಇದನ್ನು ಅಳೆಯುವುದಕ್ಕೆ ಮೊದಲ ವರ್ಷದ ಡ್ರಾಯಿಂಗ್ ಸಾಮಾನು ಸಾಕು. (ಅಟ್ಟದ ಮೇಲಿರುವ ಆ ಮಿನಿ ಡ್ರಾಫ್ಟರ್‌ಗೆ ಕಡೆಗೂ ಒಂದು ಕೆಲಸ!) ನೆಲದ ಮೇಲೆ ಎರಡು ಶೀಟ್ ಅಂಟಿಸಿ, ಉದ್ದಕ್ಕೊಂದು ಗೆರೆ ಎಳೆಯಿರಿ, ಅದು ಬೋರ್ಡಿನ ಅಕ್ಷ. ನಿಮ್ಮ ಅಗಲಕ್ಕೆ ಎರಡು ಲಂಬಗೆರೆ ಹಾಕಿ ಅದರ ಮೇಲೆ ನಿಲ್ಲಿ. ಕುರ್ಚಿಗೆ ಕೂರುವಂತೆ ಅರ್ಧ ಬಗ್ಗಿ, ಮಂಡಿಗೆ ಹಿತವಾಗುವ ತನಕ ಪಾದ ತಿರುಗಿಸಿ. ಗೆಳೆಯರು ಪಾದದ ನಡುಗೆರೆ ಗುರುತಿಸಲಿ. ಲಂಬಗೆರೆಗೂ ಅದಕ್ಕೂ ಇರುವ ಕೋನ ಅಳೆದು ಹತ್ತಿರದ ಮೂರರ ಗುಣಕಕ್ಕೆ ತನ್ನಿ. ನಿಮ್ಮ ಪಾದ ಸಹಜವಾಗಿ ಕಡಿಮೆ ತೆರೆದುಕೊಂಡರೆ 12 ಮತ್ತು ಮೈನಸ್ 3 ಇರಲಿ, ಹೆಚ್ಚು ತೆರೆದರೆ 15 ಮತ್ತು ಮೈನಸ್ 12 ಇರಲಿ. ಪಕ್ಕದವರ ಸಂಖ್ಯೆ ಕಾಪಿ ಹೊಡೆಯಬೇಡಿ.

ಅಂಚಿನಾಚೆ ಎಷ್ಟು ಬೂಟು?

ಬೋರ್ಡ್ ತಿರುಗುವುದು ಅಂಚಿನ ಮೇಲೆ. ಬೂಟಿನ ಬೆರಳು, ಹಿಮ್ಮಡಿ ಎರಡೂ ಕಡೆ ಅಂಚಿನಿಂದ ಸ್ವಲ್ಪ ಹೊರಗೆ ಬಂದಿರಬೇಕು, ಅದು ನಮ್ಮ ಸನ್ನೆಕೋಲು. ಅತಿಯಾದರೆ ವಾಲಿದಾಗ ಬೂಟು ಹಿಮಕ್ಕೆ ತಾಗಿ ಅಂಚು ಎದ್ದುಬಿಡುತ್ತದೆ, ನಾವು ಬೀಳುತ್ತೇವೆ.

ಲೆಕ್ಕ ಸುಲಭ. ಬೂಟಿನ ಉದ್ದ 30 ಸೆಂ.ಮೀ., ಕಾಲಿಡುವಲ್ಲಿ ಬೋರ್ಡಿನ ಅಗಲ 25 ಸೆಂ.ಮೀ. ಅಂತಿಟ್ಟುಕೊಳ್ಳಿ. 0 ಡಿಗ್ರಿಯಲ್ಲಿ ಎರಡೂ ಕಡೆ 2.5 ಸೆಂ.ಮೀ. ಹೊರಗೆ. 15 ಡಿಗ್ರಿಗೆ ತಿರುಗಿಸಿದರೆ ಅಡ್ಡಳತೆ 30 ಗುಣಿಸು ಕಾಸ್ 15, ಅಂದರೆ ಸುಮಾರು 29. ಎರಡೂ ಕಡೆ 2 ಸೆಂ.ಮೀ. ಬೂಟಿನ ಮೂತಿ ದುಂಡಗಿರುವುದರಿಂದ ಇದು ಅಂದಾಜು ಅಷ್ಟೇ. ದೊಡ್ಡ ಪಾದದವರು ಕೋನ ಹೆಚ್ಚಿಸಿ ಸಮಸ್ಯೆ ಬಗೆಹರಿಸಲು ಹೋಗಬೇಡಿ, ಅಗಲದ ಬೋರ್ಡ್ ಕೇಳಿ. ಮಂಡಿ ಬೋರ್ಡಿಗೋಸ್ಕರ ಇರುವುದಲ್ಲ.

ಬೂಟು ಹಾಕಿ, ಬೈಂಡಿಂಗಿಗೆ ಕಟ್ಟಿ, ಬೋರ್ಡ್ ತಿರುವಿ ಕೆಳಗಿನಿಂದ ನೋಡಿ. ಎರಡೂ ಕಡೆ ಸಮ ಬಾರದಿದ್ದರೆ ಡಿಸ್ಕ್ ಸರಿಸಿ. ಒಂದು ಅಂಚಿಗೆ ಸುಲಭವಾಗಿ ತಿರುಗಿ ಇನ್ನೊಂದಕ್ಕೆ ಆಗುತ್ತಿಲ್ಲ ಅನ್ನುವವರಿಗೆ ಎಷ್ಟೋ ಸಲ ಕಾರಣ ಇದೇ. ಹಿಮ್ಮಡಿಯ ಹಿಂದಿನ ಎತ್ತರದ ಆಸರೆ ಮುಂದಕ್ಕೆ ವಾಲಿದ್ದರೆ ಸದ್ಯಕ್ಕೆ ಅದನ್ನು ಕನಿಷ್ಠಕ್ಕೆ ತನ್ನಿ.

ಸ್ಕ್ರೂ ಮತ್ತು ನೋಟ್‌ಬುಕ್

ಸ್ಕ್ರೂಗಳನ್ನು ಕಾರಿನ ಚಕ್ರದ ನಟ್‌ನಂತೆ ಎದುರುಬದುರು ಕ್ರಮದಲ್ಲಿ, ಕೈಯ ಸ್ಕ್ರೂಡ್ರೈವರಿನಲ್ಲೇ ಬಿಗಿ ಮಾಡಿ. ಡ್ರಿಲ್ ಬೇಡ, ತೂತಿನ ಲೋಹ ಕಿತ್ತುಬರಬಹುದು. ಎರಡು ಸಲ ಜಾರಿದ ಮೇಲೆ ಮತ್ತೊಮ್ಮೆ ನೋಡಿ, ಸಡಿಲ ಆಗಿರುತ್ತವೆ.

ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ 3 ಡಿಗ್ರಿ ಅಥವಾ ಒಂದು ತೂತು. ಎರಡು ಸಲ ಜಾರಿ ನೋಡಿ, ಬರೆದಿಡಿ. ಬಗ್ಗಿದಾಗ ಮಂಡಿ ಬೆರಳಿಗಿಂತ ಒಳಗೆ ಬೀಳುತ್ತಿದ್ದರೆ ಆ ಕಾಲಿನ ಕೋನ ಕಡಿಮೆ ಮಾಡಿ, ಹೊರಗೆ ಹೋಗುತ್ತಿದ್ದರೆ ಹೆಚ್ಚಿಸಿ. ತೊಡೆ ಬೇಗ ಸೋತು, ಬೋರ್ಡ್ ತಿರುಗದಿದ್ದರೆ ಅಗಲ 2 ಸೆಂ.ಮೀ. ಕಮ್ಮಿ ಮಾಡಿ. ಮೂರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗಲ್ಲ. ನೋವು ಹೋಗದಿದ್ದರೆ ಅಂದಿಗೆ ನಿಲ್ಲಿಸಿ.

ಕೋನ ಸರಿಯಾದರೆ ಬೀಳುವುದು ನಿಲ್ಲಲ್ಲ. ಹೊಸ ಸ್ನೋಬೋರ್ಡರ್‌ಗಳಿಗೆ ಹೆಚ್ಚಾಗಿ ಪೆಟ್ಟಾಗುವುದು ಮಣಿಕಟ್ಟಿಗೆ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಹಾಕಿ, ಬೀಳುವಾಗ ಅಂಗೈ ಊರಬೇಡಿ.

ನಮ್ಮ ಗೆಳತಿಯ ಬೋರ್ಡ್ ಎರಡೂ ತುದಿ ಒಂದೇ ಥರ ಇದ್ದದ್ದು, ಹಾಗಾಗಿ ಬೈಂಡಿಂಗ್ ಕಿತ್ತು ಅದಲುಬದಲು ಮಾಡುವ ಕೆಲಸ ಇರಲಿಲ್ಲ. ಮರುದಿನ ಬೆಳಗ್ಗೆ ಬಲಗಾಲು ಪ್ಲಸ್ 15, ಎಡಗಾಲು ಮೈನಸ್ 9, ಹತ್ತು ನಿಮಿಷದ ಕೆಲಸ. ಅವತ್ತೂ ಅವಳು ಬಿದ್ದಳು, ಲೆಕ್ಕ ಇಡದಷ್ಟು. ಆದರೆ ಮಂಡಿ ನೋವು ಜಾಸ್ತಿಯಾಗಲಿಲ್ಲ, ಮೂರು ಗಂಟೆಗೆ ಕಲಿಕೆಯ ಇಳಿಜಾರನ್ನು ಮೇಲಿಂದ ಕೆಳಗಿನವರೆಗೆ ಎರಡೂ ಅಂಚಿನಲ್ಲಿ ತಿರುಗುತ್ತಾ ಇಳಿದಳು. ಫೋಟೊ ತೆಗೆದವರು ನಾವು.

ಈ ಚಳಿಗಾಲ ಹೋಗುವವರು ಹೊರಡುವ ಮುನ್ನ ನಾಲ್ಕು ವಿಷಯ ಫೋನಿನಲ್ಲಿ ಬರೆದುಕೊಳ್ಳಿ: ಮುಂದಿನ ಕಾಲು ಯಾವುದು, ಅಗಲ, ಮುಂದಿನ ಕೋನ, ಹಿಂದಿನ ಕೋನ. ಬಾಡಿಗೆ ಅಂಗಡಿಯಲ್ಲಿ ಬೂಟಿನ ಸೈಜ್ ಜೊತೆಗೆ ಅದನ್ನೂ ತೋರಿಸಿ, ಸಂಕೋಚ ಬೇಡ. ಹಿಂದೆ ಕ್ಯೂ ಇದ್ದರೆ ಇರಲಿ, ಹತ್ತು ನಿಮಿಷ ಕಾಯ್ತಾರೆ.